ಬಿಡುವಿನ ವೇಳೆ: ದೇಶದೇಶಗಳ ನಾಣ್ಯಗಳು

ಪರದೇಶಗಳಲ್ಲಿ ಉದ್ಯೋಗಕ್ಕಿರುವ ಬಂಧುಗಳು ರಜೆಗೆಂದು ಊರಿಗೆ ಬಂದಾಗ ಅವರ ಕಿಸೆಯಲ್ಲಿ ಅಲ್ಲಿಯ ಚಿಲ್ಲರೆ ಒಂದಿಷ್ಟು ಉಳಿದಿರುವುದು ಸಹಜ. ಹಣದ ವಿನಿಮಯ ಮಾಡುವವರು ನೋಟುಗಳನ್ನು ಕೊಳ್ಳುವರೇ ಹೊರತು ಈ ಬಿಲ್ಲೆಗಳನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಆದುದರಿಂದ ಅವು ಗೋಡೆಯ ಗೂಡಿನಲ್ಲಿಯೋ, ಸೂಜಿ-ಗುಂಡಿಗಳ ಡಬ್ಬಿಯಲ್ಲಿಯೋ ಬಿದ್ದಿದ್ದು, ಕಡೆಗೆ ಮಕ್ಕಳ ಆಟಕ್ಕೊದಗಿ ಕಳೆದುಹೋಗುತ್ತವೆ. ದೇಶದೇಶಗಳ ನಾಣ್ಯಗಳನ್ನು ಕೂಡಿಡಬೇಕೆಂಬ ಬಯಕೆಯುಳ್ಳ ವಾಚಕರಿಗೆ ನಾವು ಮೊದಲು ಹೇಳುವ ಮಾತು ಇಷ್ಟೇ: ಅಂಗಡಿಗೆ ಹೋಗುವುದಕ್ಕೆ ಮುಂಚೆ ಆ ಡಬ್ಬಿಯನ್ನು ತೆರೆಯಿರಿ.

ಕೊಂಡು ತಂದ ನಾಣ್ಯಕ್ಕೆ ಬೆಲೆ ಮಾತ್ರ ಗೊತ್ತಿರುತ್ತದೆ. ಮನೆಯ ನಾಣ್ಯಕ್ಕಾದರೋ ವೃತ್ತಾಂತವೂ ಉಂಟು. ದೊಡ್ಡಪ್ಪನವರು ಮಸ್ಕತ್ತಿನಲ್ಲಿ ಗುಮಾಸ್ತರಾಗಿದ್ದಾಗ ತಂದದ್ದು, ಅತ್ತೆಯವರು ಮಗಳ ಬಾಣಂತನಕ್ಕೆಂದು ಸಿಂಗಪುರಕ್ಕೆ ಹೋದಾಗ ಉಳಿದದ್ದು, ಹೀಗೆ. ಇದನ್ನು ಬಲ್ಲವರು ಬದುಕಿರುವಾಗಲೇ ಕೇಳಿ, ಒಂದೊಂದು ನಾಣ್ಯಕ್ಕೆ ಒಂದೊಂದು ಸಣ್ಣ ಚೀಟಿಯಲ್ಲಿ ಬರೆದಿಡಬೇಕು. ಯಾರು, ಎಲ್ಲಿಂದ, ಯಾವ ವರ್ಷ ಎಂಬ ಮೂರು ಸಂಗತಿಗಳಿದ್ದರೆ ಸಾಕು. ಚೀಟಿಯಿಲ್ಲದ ಪೆಟ್ಟಿಗೆಯು ಇಪ್ಪತ್ತು ವರ್ಷಗಳ ತರುವಾಯ ಬರಿಯ ಲೋಹದ ಚೂರುಗಳ ರಾಶಿಯಾಗಿಬಿಡುತ್ತದೆ.

ಇನ್ನು ನಾಣ್ಯವನ್ನು ಓದುವ ವಿಷಯ. ಮಕ್ಕಳಿಗೆ ಇದಕ್ಕಿಂತ ಸೊಗಸಾದ ಒಗಟು ಬೇರೆ ಇಲ್ಲವೆಂದೇ ನಮ್ಮ ಅಭಿಪ್ರಾಯ. ಕೊಲ್ಲಿಯ ನಾಡುಗಳ ಬಿಲ್ಲೆಯ ಮೇಲೆ ಸೊನ್ನೆಯಂತೆ ಕಾಣುವ ಗುರುತು ಸೊನ್ನೆಯಲ್ಲ, ಐದು. ಅಲ್ಲಿಯ ಸೊನ್ನೆ ಒಂದು ಚುಕ್ಕೆ ಮಾತ್ರ. ಆ ನಾಡುಗಳಲ್ಲಿ ಹಲವೆಡೆ ಒಂದು ಕಾಲಕ್ಕೆ ನಮ್ಮ ರೂಪಾಯಿಯೇ ನಡೆಯುತ್ತಿತ್ತು. 1959ರಲ್ಲಿ ರಿಸರ್ವ್ ಬ್ಯಾಂಕು ಅವರಿಗಾಗಿಯೇ ಬೇರೆ ನೋಟುಗಳನ್ನು ಹೊರಡಿಸಿತು. 1966ರಲ್ಲಿ ನಮ್ಮ ರೂಪಾಯಿಯ ಬೆಲೆಯನ್ನು ಇಳಿಸಿದಾಗ ಅವರಲ್ಲಿ ಕೆಲವರು ಅದನ್ನು ಕೈಬಿಟ್ಟರು. ಜಪಾನಿನ ಐದು ಯೆನ್ನಿನ ಹಳದಿಯ ನಾಣ್ಯವು ಇನ್ನೂ ಚಮತ್ಕಾರವಾದುದು. ನಡುವೆ ತೂತು, ಸುತ್ತ ಬಾಗಿದ ಭತ್ತದ ತೆನೆ. ನಮಗೆ ಪರಿಚಯವಾದ ಅಂಕಿ ಒಂದೂ ಇಲ್ಲ. ವರ್ಷವನ್ನು ಚಕ್ರವರ್ತಿಯ ಆಳ್ವಿಕೆಯಿಂದ ಎಣಿಸಿ ಅವರ ಲಿಪಿಯಲ್ಲಿ ಬರೆದಿರುತ್ತಾರೆ. ಹೇಸೆ ಎಂಬ ಶಕವು 1989ರಲ್ಲಿ ಮೊದಲಾದ ಕಾರಣ, ಆ ಶಕದ ಹತ್ತನೆಯ ವರ್ಷವೆಂದರೆ 1998. ತೂತಿನ ಕಾಸು ನಮ್ಮ ಹಿರಿಯರಿಗೂ ಹೊಸದಲ್ಲ. ಯುದ್ಧಕಾಲದಲ್ಲಿ ತಾಮ್ರವನ್ನು ಉಳಿಸುವುದಕ್ಕಾಗಿ 1943ರಿಂದ 1947ರವರೆಗೆ ನಮ್ಮ ದೇಶದ ಒಂದು ಪೈಸೆಯನ್ನೂ ನಡುವೆ ತೂತಿಟ್ಟೇ ಅಚ್ಚು ಹಾಕಿದ್ದರು. ಎರಡನ್ನೂ ಒಂದೇ ಸಾಲಿನಲ್ಲಿ ಇಟ್ಟು ನೋಡಿರಿ.

ಆದರೆ ನಾಣ್ಯವು ಹೇಳುವ ವರ್ಷವೆಲ್ಲ ನಿಜವೆಂದು ನಂಬತಕ್ಕದ್ದಲ್ಲ. ಆಸ್ಟ್ರಿಯದ ರಾಣಿ ಮರಿಯಾ ತೆರೇಸಾ ತೀರಿಕೊಂಡದ್ದು 1780ರಲ್ಲಿ. ಆಕೆಯ ಮುಖವುಳ್ಳ ಟಾಲರ್ ಎಂಬ ಬೆಳ್ಳಿಯ ನಾಣ್ಯವನ್ನು ಅರೇಬಿಯದ ಕಾಫಿಯ ವರ್ತಕರೂ ಇಥಿಯೋಪಿಯದ ಜನರೂ ಎಷ್ಟು ನೆಚ್ಚಿದ್ದರೆಂದರೆ, ಆಕೆಯು ಗತಿಸಿದ ಬಳಿಕವೂ ಅದೇ ಮುಖವನ್ನೂ ಅದೇ 1780 ಎಂಬ ವರ್ಷವನ್ನೂ ಇಟ್ಟು ಹಲವು ದೇಶಗಳವರು ಅದನ್ನು ಅಚ್ಚು ಹಾಕುತ್ತಲೇ ಬಂದರು. ಎರಡನೆಯ ಮಹಾಯುದ್ಧದಲ್ಲಿ, 1940-41ರ ಸುಮಾರಿಗೆ, ನಮ್ಮ ಮುಂಬಯಿಯ ಟಂಕಸಾಲೆಯಲ್ಲಿಯೂ ಅದು ತಯಾರಾಯಿತು! ಆದುದರಿಂದ 1780 ಎಂದು ತೋರಿಸಿ ಬಹು ಪುರಾತನವಾದುದೆಂದು ಬೆಲೆ ಏರಿಸುವ ವ್ಯಾಪಾರಿಯ ಮಾತಿಗೆ ಮರುಳಾಗಬಾರದು.

ನಮ್ಮ ಸೋದರಿಯರಲ್ಲಿ ವಿಶೇಷವಾಗಿ ಒಂದು ಬಿನ್ನಹ. ಹಿತ್ತಾಳೆಯ ತಂಬಿಗೆಯನ್ನು ಹುಣಿಸೆಹಣ್ಣಿನಿಂದ ಥಳಥಳಿಸುವಂತೆ ಬೆಳಗುವುದು ನಮ್ಮ ಮನೆಗಳಿಗೆ ಭೂಷಣವೇ ಸರಿ. ಆದರೆ ಆ ಕೈಚಳಕವನ್ನು ನಾಣ್ಯದ ಮೇಲೆ ತೋರಿಸಬೇಡಿರಿ. ಹುಳಿಯು ಮೇಲ್ಮೈಯ ಪದರವನ್ನು ತಿನ್ನುತ್ತದೆ. ಬೂದಿಯೂ ನಾರೂ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳನ್ನು ಎಳೆಯುತ್ತವೆ. ಅಕ್ಷರಗಳ ಅಂಚು ಸವೆದರೆ ಮತ್ತೆ ಬರುವುದಿಲ್ಲ. ನೂರು ವರ್ಷ ಮಾಗಿದ ಕಂದು ಬಣ್ಣವು ಕೊಳೆಯಲ್ಲ, ಅದೇ ನಾಣ್ಯದ ಹೊದಿಕೆ. ಮಣ್ಣು ಅಂಟಿದ್ದರೆ ಬರಿಯ ನೀರಿನಲ್ಲಿ ನೆನೆಯಿಸಿ, ಮೆತ್ತನೆಯ ಅರಿವೆಯಲ್ಲಿ ಒತ್ತಿ ತೇವವನ್ನು ತೆಗೆದರೆ ಸಾಕು, ಉಜ್ಜಕೂಡದು. ಹಿಡಿಯುವಾಗ ಅಂಚನ್ನು ಹಿಡಿಯಬೇಕು. ಮೆತ್ತನೆಯ ಪಿ.ವಿ.ಸಿ. ಚೀಲಗಳು ಕಾಲಕ್ರಮದಲ್ಲಿ ತಾಮ್ರಕ್ಕೆ ಹಸುರು ಅಂಟನ್ನು ಹತ್ತಿಸುವುದರಿಂದ ಅವನ್ನು ದೂರವಿಡಿರಿ.

ಇತ್ತೀಚೆಗೆ ಮತ್ತೊಂದು ಹಾವಳಿ ಹೆಚ್ಚಿದೆ. ಹಳೆಯ ಐದು ರೂಪಾಯಿಯ ಬಿಲ್ಲೆಗೆ ಲಕ್ಷಗಟ್ಟಲೆ ಕೊಡುತ್ತೇವೆಂದು ಫೋನಿನಲ್ಲಿ ಆಸೆ ಹುಟ್ಟಿಸಿ, ಮೊದಲು ಶುಲ್ಕವನ್ನೂ ತೆರಿಗೆಯನ್ನೂ ಕಟ್ಟಿರೆಂದು ಹಣ ಕೀಳುವವರುಂಟು. ತನ್ನ ಹೆಸರಿನಲ್ಲಿ ನಡೆಯುತ್ತಿದ್ದ ಇಂತಹ ವಂಚನೆಯ ವಿಷಯದಲ್ಲಿ ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಕೆ ಕೊಟ್ಟಿತು. ಹಾಗೆಯೇ ಒಂದು ಮಗ್ಗುಲಲ್ಲಿ ಶ್ರೀರಾಮನ ಪರಿವಾರವೂ, ಇನ್ನೊಂದರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಹೆಸರೂ 1818 ಎಂಬ ವರ್ಷವೂ ಇರುವ ತಾಮ್ರದ ಬಿಲ್ಲೆಗಳು ಜಾತ್ರೆಗಳಲ್ಲಿ ಮಾರಾಟಕ್ಕೆ ಬರುತ್ತವೆ. ಕಂಪೆನಿಯು ಅಂತಹ ನಾಣ್ಯವನ್ನು ಎಂದೂ ಹೊರಡಿಸಲಿಲ್ಲ. ದೇವರ ಮನೆಯಲ್ಲಿ ಇಡುವವರು ಇಟ್ಟುಕೊಳ್ಳಲಿ. ಸಾವಿರಾರು ರೂಪಾಯಿ ತೆರುವುದು ಬೇಡ.

ವಿದೇಶದ ಸ್ನೇಹಿತರೊಡನೆ ಅದಲುಬದಲು ಮಾಡಿಕೊಳ್ಳುವುದು ಸಂಗ್ರಹವನ್ನು ಬೆಳೆಸಲು ಒಳ್ಳೆಯ ಮಾರ್ಗವೇ. ಆದರೆ ನೂರು ವರ್ಷಗಳಿಗಿಂತ ಹಳೆಯ ನಾಣ್ಯಗಳನ್ನು 1972ರ ಕಾಯಿದೆಯು ಪುರಾತನ ವಸ್ತುಗಳ ಸಾಲಿಗೆ ಸೇರಿಸಿದೆ. ಖಾಸಗಿಯವರು ಅವನ್ನು ದೇಶದ ಹೊರಗೆ ಕಳುಹಿಸುವಂತಿಲ್ಲ. ಅಜ್ಜನ ಕಾಲದ ವಿಕ್ಟೋರಿಯಾ ರೂಪಾಯಿಯು ಮನೆಯಲ್ಲಿಯೇ ಇರಲಿ. ಅದಲುಬದಲಿಗೆ ಈಗಿನ ಚಿಲ್ಲರೆಯನ್ನು ಆರಿಸಿರಿ. ವರ್ಷದ ಕೆಳಗೆ ನಕ್ಷತ್ರವಿದ್ದರೆ ಹೈದರಾಬಾದು, ವಜ್ರದಾಕಾರದ ಗುರುತಿದ್ದರೆ ಮುಂಬಯಿ, ದುಂಡನೆಯ ಚುಕ್ಕೆಯಿದ್ದರೆ ನೋಯಿಡಾ. ಏನೂ ಇಲ್ಲದಿದ್ದರೆ ಕಲ್ಕತ್ತೆಯ ಟಂಕಸಾಲೆಯದು. ಒಂದೇ ವರ್ಷದ ನಾಲ್ಕನ್ನೂ ಜೊತೆಮಾಡಿ ಕೊಟ್ಟರೆ ಆಚೆಯವರಿಗೂ ಸಂತೋಷವಾದೀತು.