ಹಸಿರು ಚುಕ್ಕಿ ಕಂಡರೆ ಸಾಕೆ?

ಗದಗ-ಬೆಟಗೇರಿಯ ಕಿರಾಣಿ ಅಂಗಡಿಯಿರಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಶಾಲೆಯೆದುರಿನ ಗೂಡಂಗಡಿಯಿರಲಿ, ಮಿಠಾಯಿ ಪೊಟ್ಟಣದ ಮೇಲೆ ಹಸಿರು ಚುಕ್ಕಿ ಕಂಡರೆ ತಾಯಂದಿರಿಗೆ ಸಮಾಧಾನ. ಸಸ್ಯಾಹಾರಿಗಳ ಮಟ್ಟಿಗೆ ಅದು ಸರಿಯೇ. ಆದರೆ ಕುರಿ, ಆಡು, ದನ, ಹಂದಿಯ ಮಾಂಸಕ್ಕೆ ಅಲರ್ಜಿ ಇರುವ ಮಗುವಿಗೆ ಆ ಚುಕ್ಕಿ ಅರ್ಧ ಮಾತನ್ನಷ್ಟೇ ಹೇಳುತ್ತದೆ.

ಈ ಅಲರ್ಜಿಯ ಮೂಲ ‘ಆಲ್ಫಾ-ಗ್ಯಾಲ್’ ಎಂಬ ಸಕ್ಕರೆಯ ಅಂಶ. ಹಾಲೂಡಿಸುವ ಬಹುತೇಕ ಪ್ರಾಣಿಗಳ ಮೈಯಲ್ಲಿ ಅದಿದೆ, ಮನುಷ್ಯನಲ್ಲಿಲ್ಲ. ಕೋಳಿ, ಮೀನು, ಮೊಟ್ಟೆಯಲ್ಲೂ ಇಲ್ಲ. ಕೆಲವು ಜಾತಿಯ ಉಣ್ಣಿ ಕಚ್ಚಿದಾಗ ದೇಹ ಈ ಅಂಶವನ್ನು ವೈರಿಯೆಂದು ಗುರುತಿಟ್ಟುಕೊಳ್ಳುತ್ತದೆ. ಉಣ್ಣಿಯೆಂದರೆ ಕನ್ನಡಿಗರಿಗೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ನೆನಪಾದೀತು. ಇದು ಅದಲ್ಲ; ಒಬ್ಬರಿಂದ ಒಬ್ಬರಿಗೆ ಹರಡುವಂಥದ್ದೂ ಅಲ್ಲ. ಅಮೆರಿಕದ ವರ್ಜೀನಿಯಾದಲ್ಲಿ ವೈದ್ಯ ಥಾಮಸ್ ಪ್ಲಾಟ್ಸ್-ಮಿಲ್ಸ್ ಮತ್ತು ಸಂಗಡಿಗರು 2009ರಲ್ಲಿ ಇದನ್ನು ವಿವರಿಸಿದರು.

ಇದರ ಮೋಸವಿರುವುದು ವೇಳೆಯಲ್ಲಿ. ತಿಂದು ಎರಡರಿಂದ ಆರು ತಾಸಿನ ಮೇಲೆ ತುರಿಕೆ, ದದ್ದು, ಹೊಟ್ಟೆನೋವು. ಹಾಸ್ಟೆಲಿನ ಹುಡುಗ ನಡುರಾತ್ರಿ ಎದ್ದು ಒದ್ದಾಡುವಾಗ ಸಂಜೆಯ ತಿಂಡಿಯ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ. ಉಸಿರು ಕಟ್ಟಿದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಬೇಕು. ಅಲರ್ಜಿ ಹೌದೋ ಅಲ್ಲವೋ ಎಂಬುದನ್ನು ರಕ್ತಪರೀಕ್ಷೆ ಮಾಡಿಸಿ ವೈದ್ಯರೇ ಹೇಳಬೇಕು. ಮನೆಯಲ್ಲೇ ಊಹಿಸಿ ಊಟ ಬಿಡಿಸುವುದು ತರವಲ್ಲ.

ಇನ್ನು ಪೊಟ್ಟಣದ ಮಾತು. ಭಾರತದ ನಿಯಮದಂತೆ ಹಾಲಿನ ಪದಾರ್ಥಗಳಿಗೂ ಹಸಿರು ಗುರುತೇ. ಈ ಅಲರ್ಜಿಯ ಹೆಚ್ಚಿನವರಿಗೆ ಹಾಲು ಒಗ್ಗುತ್ತದೆ, ಕೆಲವರಿಗೆ ಬೆಣ್ಣೆ, ಐಸ್‌ಕ್ರೀಮೂ ಆಗದು. ಅತ್ತ ಕಂದು ಗುರುತು ಬರೀ ಮೊಟ್ಟೆಯ ಕಾರಣಕ್ಕೂ ಇರಬಹುದು, ಆ ಮೊಟ್ಟೆಯಿಂದ ಇವರಿಗೆ ತೊಂದರೆಯಿಲ್ಲ. ಆದ್ದರಿಂದ ಪೊಟ್ಟಣ ತಿರುಗಿಸಿ ಪದಾರ್ಥಗಳ ಪಟ್ಟಿ ಓದಲೇಬೇಕು. 2020ರ ನಿಯಮ ಕಡ್ಡಾಯ ಮಾಡಿದ ಅಲರ್ಜಿ ಎಚ್ಚರಿಕೆಯಲ್ಲಿ ಗೋಧಿ, ಹಾಲು, ಮೊಟ್ಟೆ, ಮೀನು, ಶೇಂಗಾ, ಸೋಯಾ ಮುಂತಾದವು ಸೇರಿವೆ. ಮಾಂಸವಾಗಲಿ ಜೆಲಟಿನ್ ಆಗಲಿ ಸೇರಿಲ್ಲ.

ಜೆಲಟಿನ್ ಎಂಬ ಹೆಸರನ್ನು ಮಕ್ಕಳು ಬಾಯಿಪಾಠ ಮಾಡಿಕೊಳ್ಳಲಿ. ಹೆಚ್ಚಾಗಿ ದನ, ಹಂದಿಯ ಚರ್ಮ-ಎಲುಬಿನಿಂದ ತೆಗೆದ ಅಂಟು ಅದು. ಜಗಿಯುವ ಜೆಲ್ಲಿ ಮಿಠಾಯಿ, ಮಾರ್ಷ್‌ಮೆಲೋಗಳಲ್ಲಿ ಸಿಗುತ್ತದೆ. ಅದರ ಬದಲು ಪೆಕ್ಟಿನ್, ಅಗರ್ ಎಂದಿದ್ದರೆ ಅವು ಹಣ್ಣು, ಸಮುದ್ರಪಾಚಿಯಿಂದ ಬಂದವು, ಹೆದರಬೇಕಿಲ್ಲ. 471 ಎಂಬ ಅಂಕಿಯ ಪದಾರ್ಥವನ್ನು ಸಸ್ಯದ ಎಣ್ಣೆಯಿಂದಲೂ ಮಾಡುತ್ತಾರೆ, ಪ್ರಾಣಿಯ ಕೊಬ್ಬಿನಿಂದಲೂ ಮಾಡುತ್ತಾರೆ. ಇಲ್ಲಿ ಮಾತ್ರ ಹಸಿರು ಚುಕ್ಕಿಯೇ ನೆರವು. ಪರದೇಶದಿಂದ ನೆಂಟರು ತಂದ ಚಾಕೊಲೇಟಿನ ಮೇಲೆ ಆ ನೆರವೂ ಇರುವುದಿಲ್ಲ!

ಔಷಧಿಯ ಕ್ಯಾಪ್ಸೂಲಿನ ಕವಚವೂ ಸಾಮಾನ್ಯವಾಗಿ ಜೆಲಟಿನ್ನಿನದೇ. ಚೀಟಿ ಬರೆಸುವ ಮೊದಲೇ ಡಾಕ್ಟರಿಗೆ ಅಲರ್ಜಿಯ ವಿಷಯ ತಿಳಿಸಬೇಕು. ಬೇಕರಿಯಲ್ಲಿ, ಸಂತೆಯಲ್ಲಿ ತೂಗಿ ಕೊಡುವ ಬಿಡಿ ಮಿಠಾಯಿಗೆ ಪಟ್ಟಿಯೇ ಇಲ್ಲ. ಮಾಡಿದವರನ್ನೇ ಕೇಳಬೇಕು, ಅವರಿಗೂ ತಿಳಿಯದಿದ್ದರೆ ಅಂದಿನ ಮಟ್ಟಿಗೆ ಬೆಲ್ಲದ ಶೇಂಗಾ ಉಂಡಿಯೇ ಆದೀತು.