ನೊರೆ ಬಂದರೆ ಕೊಳೆ ಹೋಯಿತಾ?

ಬೆಂಗಳೂರಿನ ಸೂಪರ್ ಮಾರ್ಕೆಟ್‌ಗಳಲ್ಲಿ ಈಗ "ಕೆಮಿಕಲ್ ಫ್ರೀ" ಅಂತ ಬರೆದ ಬಾಟಲಿಗಳದ್ದೇ ಒಂದು ಸಾಲು ಇರುತ್ತದೆ. ಪಾತ್ರೆ ತೊಳೆಯೋಕೆ, ಬಟ್ಟೆ ಒಗೆಯೋಕೆ, ನೆಲ ಒರೆಸೋಕೆ... ಹಿಂದೆ ತಿರುಗಿಸಿ ಓದಿದರೆ ಎಷ್ಟೋ ಬಾಟಲಿಗಳಲ್ಲಿ ಇರೋದು ಅಂಟುವಾಳದ ರಸ. ನಮ್ಮ ಬಂಡಳ್ಳಿ ಕಡೆಯವರಿಗೆ ಅಂಟುವಾಳ, ಸೀಗೆಕಾಯಿ ಗೊತ್ತಿಲ್ಲದ್ದೇನಲ್ಲ. ಅದು ಪೇಟೆಯಲ್ಲಿ ಇಷ್ಟು ಮರ್ಯಾದೆ ಪಡೆದಿದೆ ಅಂತ ಸಂತೋಷವೇ. ನನ್ನ ತಕರಾರು ಅಂಟುವಾಳದ ಮೇಲಲ್ಲ, ಆ ಲೇಬಲ್ ಮೇಲೆ.

ಮೊದಲು ಸ್ವಲ್ಪ ಪಾಠ, ಬೋರ್ ಆದರೆ ಕ್ಷಮಿಸಿ :) ನೀರಿಗೂ ಎಣ್ಣೆಗೂ ಆಗಿಬರಲ್ಲ. ನಮ್ಮ ಬಟ್ಟೆಯ ಕೊಳೆಯಲ್ಲಿ ಬಹುಪಾಲು ಜಿಡ್ಡು, ಹಾಗಾಗಿ ಬರೀ ನೀರಿಗೆ ಅದು ಜಗ್ಗಲ್ಲ. ಇಬ್ಬರ ನಡುವೆ ರಾಜಿ ಮಾಡಿಸೋ ಅಣುವಿಗೆ ಸರ್ಫ್ಯಾಕ್ಟೆಂಟ್ ಅಂತ ಹೆಸರು. ಅದರ ಒಂದು ತುದಿಗೆ ನೀರು ಇಷ್ಟ, ಇನ್ನೊಂದು ತುದಿಗೆ ಎಣ್ಣೆ ಇಷ್ಟ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ ಒಂದಕ್ಕೊಂದು ಹೊಂದದ ಎರಡು ಸಿಸ್ಟಮ್‌ಗಳ ನಡುವೆ ಕೂರೋ ಅಡಾಪ್ಟರ್. ಎಣ್ಣೆ ಇಷ್ಟಪಡುವ ಬಾಲಗಳು ಜಿಡ್ಡಿಗೆ ಚುಚ್ಚಿಕೊಳ್ಳುತ್ತವೆ, ನೀರು ಇಷ್ಟಪಡುವ ತಲೆಗಳು ಹೊರಗೆ ನಿಲ್ಲುತ್ತವೆ, ಜಿಡ್ಡು ಸಣ್ಣ ಸಣ್ಣ ಉಂಡೆಯಾಗಿ ನೀರಿನ ಜೊತೆ ಹೋಗುತ್ತದೆ. ಆ ಉಂಡೆಗೆ ಮಿಸೆಲ್ ಅನ್ನುತ್ತಾರೆ. ಸೋಪು, ಶಾಂಪೂ, ಡಿಟರ್ಜೆಂಟ್ ಎಲ್ಲದರ ಕೆಲಸವೂ ಇಷ್ಟೇ. ಅಂಟುವಾಳದ ಕೆಲಸವೂ ಇದೇ! ಅದರ ಸಿಪ್ಪೆಯಲ್ಲಿರುವ ಸಪೋನಿನ್ ಒಂದು ಸರ್ಫ್ಯಾಕ್ಟೆಂಟ್, ಅಂದರೆ ಒಂದು ಕೆಮಿಕಲ್. ನೀರೂ ಕೆಮಿಕಲ್ಲೇ ಬಿಡಿ.

"ಆದರೂ ಅದು ನೈಸರ್ಗಿಕ, ಅಪಾಯ ಇಲ್ಲ" ಅನ್ನಬಹುದು ನೀವು. ಸಪೋನಿನ್ ಮೀನಿಗೆ ವಿಷ. ಸಪೋನಿನ್ ಇರುವ ಗಿಡಗಳನ್ನು ಜಜ್ಜಿ ನೀರಿಗೆ ಹಾಕಿ ಮೀನು ಹಿಡಿಯೋ ಪದ್ಧತಿ ಪ್ರಪಂಚದ ಎಷ್ಟೋ ಕಡೆ ಇದೆ. ಕಾಡಿನಿಂದ ಬಂದದ್ದೆಲ್ಲ ಅಮೃತ ಅಲ್ಲ, ಫ್ಯಾಕ್ಟರಿಯಿಂದ ಬಂದದ್ದೆಲ್ಲ ವಿಷವೂ ಅಲ್ಲ.

ಇನ್ನೊಂದು ಉದಾಹರಣೆ ಕೊಡ್ತೀನಿ. ನಮ್ಮ ಶ್ವಾಸಕೋಶವೇ ಒಂದು ಸರ್ಫ್ಯಾಕ್ಟೆಂಟ್ ತಯಾರಿಸುತ್ತದೆ. ಅದಿಲ್ಲದಿದ್ದರೆ ಉಸಿರು ಬಿಟ್ಟಾಗ ಗಾಳಿಗೂಡುಗಳು ಕುಸಿದು ಅಂಟಿಕೊಳ್ಳುತ್ತವೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳಲ್ಲಿ ಉಸಿರಾಟದ ತೊಂದರೆಗೆ ಇದರ ಕೊರತೆಯೇ ಕಾರಣ ಅಂತ 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ ತೋರಿಸಿದರು. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯ ಮಗುವೇ ಈ ತೊಂದರೆಯಿಂದ ಎರಡು ದಿನ ತುಂಬುವ ಮೊದಲೇ ತೀರಿಕೊಂಡಿತು. 1980ರಲ್ಲಿ ಜಪಾನಿನ ಫುಜಿವಾರಾ ತಂಡ ಹಸುವಿನ ಶ್ವಾಸಕೋಶದಿಂದ ತೆಗೆದ ಸರ್ಫ್ಯಾಕ್ಟೆಂಟ್ ಕೊಟ್ಟು ಇಂಥ ಮಕ್ಕಳನ್ನು ಉಳಿಸಿತು. ಈಗ ಅದು ಆಸ್ಪತ್ರೆಗಳಲ್ಲಿ ಗೊತ್ತಿರುವ ಚಿಕಿತ್ಸೆ. ಕೆಮಿಕಲ್ ಅಂದ ತಕ್ಷಣ ಮೂಗು ಮುರಿಯೋರು ಇದನ್ನೊಮ್ಮೆ ನೆನೆಯಬೇಕು.

ಈಗ ನೊರೆಯ ವಿಷಯ. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇರುವ ನೀರಲ್ಲಿ ಸಾದಾ ಸೋಪು ನೊರೆ ಕೊಡಲ್ಲ, ಬಿಳಿ ಗಸಿಯಾಗಿ ಬಕೆಟ್ಟಿಗೆ ಅಂಟುತ್ತದೆ. 1959ರಲ್ಲಿ ಸರ್ಫ್, 1969ರಲ್ಲಿ ನಿರ್ಮಾ ಬಂದಾಗ ಜನ ಪೌಡರಿಗೆ ಒಲಿದದ್ದಕ್ಕೆ ಇದೂ ಒಂದು ಕಾರಣ ಇರಬೇಕು ಅನ್ನೋದು ನನ್ನ ಅನಿಸಿಕೆ. ಡಿಟರ್ಜೆಂಟ್ ಗಡಸು ನೀರಲ್ಲೂ ನೊರೆ ಕೊಡುತ್ತದೆ. ಅಲ್ಲಿಂದ ನೊರೆ ಅಂದರೆ ಶುಚಿ ಅನ್ನೋ ನಂಬಿಕೆ ಗಟ್ಟಿಯಾಗಿ ಕೂತುಬಿಟ್ಟಿತು. "ನೊರೇನೆ ಬರ್ನಿಲ್ಲ ಅಂದ್ರೆ ಕೊಳೆ ಎಂಗ್ ಹೋದದು ಮಗ?" ಅಂತ ನಮ್ಮಜ್ಜಿ ಈಗಲೂ ಕೇಳ್ತಾರೆ. ನಿಜ ಏನೆಂದರೆ ಕೊಳೆ ತೆಗೆಯೋದು ನೀರಿನೊಳಗಿನ ಮಿಸೆಲ್, ಮೇಲಿನ ನೊರೆ ಅಲ್ಲ. ಫ್ರಂಟ್ ಲೋಡ್ ವಾಷಿಂಗ್ ಮಷಿನ್‌ಗೆ ಬೇಕಂತಲೇ ನೊರೆ ಕಡಿಮೆ ಮಾಡಿದ ಪೌಡರ್ ಮಾರ್ತಾರೆ, ಬಟ್ಟೆ ಚೆನ್ನಾಗೇ ಶುಚಿಯಾಗುತ್ತದೆ. ಟೂತ್‌ಪೇಸ್ಟಿನಲ್ಲಿ ನೊರೆ ತರಿಸೋದು ಹೆಚ್ಚಾಗಿ ನಮ್ಮ ಸಮಾಧಾನಕ್ಕೆ. ಆದರೂ ನಾವು ಒಂದು ಚಮಚ ಸಾಕಿರುವಲ್ಲಿ ಮೂರು ಚಮಚ ಸುರೀತೀವಿ. ಮಿಕ್ಕ ಎರಡು ಚಮಚ ಎಲ್ಲಿಗೆ ಹೋಗುತ್ತದೆ?

ಬೆಳ್ಳಂದೂರು ಕೆರೆಗೆ! 2015ರಲ್ಲಿ ಅಲ್ಲಿನ ನೊರೆಗೆ ಬೆಂಕಿ ಹತ್ತಿದ್ದು, ವರ್ತೂರಿನಲ್ಲಿ ನೊರೆ ಹಾರಿ ರಸ್ತೆಗೆ ಬಂದು ಬೈಕಿನವರ ಮುಖಕ್ಕೆ ರಾಚಿದ್ದು, 2017 ಮತ್ತು 2018ರಲ್ಲಿ ಕೆರೆಯೇ ಹೊತ್ತಿ ಹೊಗೆಯಾಡಿದ್ದು ನಿಮಗೆಲ್ಲ ನೆನಪಿರಬಹುದು. 2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ ರೂಪಾಯಿ ಕಟ್ಟಲು ಹೇಳಿತು. ಆಗ ಎಲ್ಲರೂ ಬೈದದ್ದು ಡಿಟರ್ಜೆಂಟನ್ನು. ಅರ್ಧ ಸರಿ. ಆದರೆ ಒಳಗಿನ ಕಥೆ ಬೇರೆ ಇದೆ.

1950ರ ದಶಕದಲ್ಲಿ ಯುರೋಪು, ಅಮೆರಿಕದ ನದಿಗಳೂ ಹೀಗೇ ನೊರೆಯಾಡಿದವು. ಆಗಿನ ಡಿಟರ್ಜೆಂಟ್ ಅಣುವಿನ ಬಾಲಕ್ಕೆ ಕವಲುಗಳಿದ್ದವು, ಬ್ಯಾಕ್ಟೀರಿಯಾಗಳಿಗೆ ಅದನ್ನು ಸುಲಭವಾಗಿ ತಿಂದು ಅರಗಿಸಿಕೊಳ್ಳೋಕೆ ಆಗುತ್ತಿರಲಿಲ್ಲ. ಜರ್ಮನಿ 1961ರಲ್ಲಿ ಕಾನೂನು ಮಾಡಿತು, ಅಮೆರಿಕದ ಕಂಪನಿಗಳು 1965ರ ಹೊತ್ತಿಗೆ ನೆಟ್ಟಗಿನ ಬಾಲದ ಅಣುವಿಗೆ ಬದಲಾದವು. ಈಗ ನಮ್ಮ ಪೌಡರುಗಳಲ್ಲೂ ಬಹುಮಟ್ಟಿಗೆ ಇರೋದು ಅದೇ ನೆಟ್ಟಗಿನ ಬಾಲದ್ದು. ಗಾಳಿ ಆಡುವ ನೀರಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಬೇಗ ಮುಗಿಸುತ್ತವೆ. ಆದರೆ ಆಮ್ಲಜನಕ ಇಲ್ಲದ ಕಡೆ ಅದು ಹಾಗೇ ಉಳಿಯುತ್ತದೆ. ಶುದ್ಧಿ ಮಾಡದ ಕೊಳಚೆ ತುಂಬಿದ ಬೆಳ್ಳಂದೂರಿನಲ್ಲಿ ಆಮ್ಲಜನಕ ಎಲ್ಲಿತ್ತು? ಸರ್ಫ್ಯಾಕ್ಟೆಂಟ್ ಹೂಳಿಗೆ ಅಂಟಿ ಕೂತಿತ್ತು, ಮಳೆ ಬಂದು ಹೂಳು ಕದಡಿ, ನೀರು ಕೋಡಿಯಿಂದ ಧುಮುಕಿದಾಗ ನೊರೆ ಎದ್ದಿತು. ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ ವಿಜ್ಞಾನಿಗಳೂ ಇದನ್ನೇ ಹೇಳಿದ್ದಾರೆ. ಅಂದರೆ ರೋಗ ಇರೋದು ಒಳಚರಂಡಿಯಲ್ಲಿ. ನಾವೆಲ್ಲ ನಾಳೆಯಿಂದ ಅಂಟುವಾಳಕ್ಕೆ ಬದಲಾದರೂ ಕೊಳಚೆಯನ್ನು ಹಾಗೇ ಕೆರೆಗೆ ಬಿಟ್ಟರೆ ಕೆರೆ ಸಾಯುತ್ತದೆ. ಆದ್ದರಿಂದ "ಕೆಮಿಕಲ್ ಫ್ರೀ" ಬಾಟಲಿ ಕೊಂಡು ನನ್ನ ಪಾಲಿನದು ಮುಗಿಯಿತು ಅನ್ನೋದು ಒಪ್ಪುವ ಮಾತಲ್ಲ. ನಿಮ್ಮ ಅಪಾರ್ಟ್‌ಮೆಂಟಿನ ಕೊಳಚೆ ಶುದ್ಧೀಕರಣ ಘಟಕ ರಾತ್ರಿ ಹೊತ್ತು ಓಡುತ್ತದಾ, ಇಲ್ಲಾ ಕರೆಂಟ್ ಬಿಲ್ ಉಳಿಸೋಕೆ ಆಫ್ ಮಾಡಿರುತ್ತಾರಾ ಅಂತ ಅಸೋಸಿಯೇಷನ್ ಮೀಟಿಂಗಿನಲ್ಲಿ ಕೇಳಿ. ಬಾಟಲಿಗಿಂತ ಅದರಿಂದ ಕೆರೆಗೆ ಹೆಚ್ಚು ಉಪಕಾರ.

ಹಾಗಾದರೆ ಅಂಟುವಾಳ ಬೇಡವಾ? ಖಂಡಿತ ಬೇಕು, ಅದರ ಜಾಗದಲ್ಲಿ. ಕೊಳ್ಳೇಗಾಲ ರೇಷ್ಮೆಯ ಊರು. ಹಸಿ ರೇಷ್ಮೆ ನೂಲನ್ನು ಸೋಪು, ಸೋಡಾ ಹಾಕಿ ಬೇಯಿಸಿ ಸೆರಿಸಿನ್ ಅನ್ನೋ ಅಂಟು ತೆಗೀತಾರೆ, ತೂಕದಲ್ಲಿ ಸುಮಾರು ಕಾಲು ಭಾಗ ಅಲ್ಲೇ ಹೋಗುತ್ತದೆ. ಒಮ್ಮೆ ಸೀರೆಯಾದ ಮೇಲೆ ಮತ್ತೆ ಮತ್ತೆ ಕ್ಷಾರ ತಾಗಿದರೆ ರೇಷ್ಮೆ ಹಾಳು. ಪೌಡರಿನಲ್ಲಿ ಕ್ಷಾರ ಇದೆ, ಅಂಟುವಾಳದಲ್ಲಿ ಇಲ್ಲ. ಅಜ್ಜಿಯರು ರೇಷ್ಮೆ ಸೀರೆಗೆ ಅಂಟುವಾಳವನ್ನೇ ಹಿಡಿದದ್ದು ಸುಮ್ಮನೆ ಅಲ್ಲ.

ಇನ್ನೊಂದು ಮಾತು, ನನಗೆ ಇದೇ ಮುಖ್ಯ. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಅಂಟುವಾಳ, ಸೀಗೆ, ನೆಲ್ಲಿ, ಜೇನು ಸಂಗ್ರಹಿಸಿ ಬದುಕಿದವರು ಸೋಲಿಗರು. ವನ್ಯಜೀವಿ ಕಾಯ್ದೆಯ ಹೆಸರಲ್ಲಿ ಅದಕ್ಕೆ ತಡೆ ಬಿತ್ತು. 2006ರ ಅರಣ್ಯ ಹಕ್ಕು ಕಾಯ್ದೆ ಹಿಡಿದು ಹೋರಾಡಿ, 2011ರಲ್ಲಿ ಅವರ ಗ್ರಾಮಸಭೆಗಳು ಸಮುದಾಯ ಹಕ್ಕು ಪಡೆದವು, ಅದೂ ಹುಲಿ ಮೀಸಲು ಕಾಡಿನಲ್ಲಿ. ಬಾಟಲಿಯ ಮೇಲೆ ಎಲೆ, ಹೂವಿನ ಚಿತ್ರ ಇರುತ್ತದೆ. ಕಾಯಿ ಆಯ್ದವರಿಗೆ ಕಿಲೋಗೆ ಎಷ್ಟು ಸಿಕ್ಕಿತು ಅಂತ ಬರೆದಿರುವ ಬಾಟಲಿ ನಾನಂತೂ ಇನ್ನೂ ನೋಡಿಲ್ಲ. "ಕೆಮಿಕಲ್ ಫ್ರೀ" ಅನ್ನೋ ಸುಳ್ಳಿನ ಬದಲು ಆ ಒಂದು ನಿಜ ಬರೆದರೆ ನಾನು ಎರಡು ಬಾಟಲಿ ಜಾಸ್ತಿ ಕೊಂಡೇನು.

ಅಲ್ಲಿವರೆಗೆ ನನ್ನ ಲೆಕ್ಕ ಸರಳ. ಪೌಡರ್ ಅಳತೆ ಮಾಡಿ ಹಾಕೋಣ, ನೊರೆಗೆ ಮರುಳಾಗೋದು ಬೇಡ, ರೇಷ್ಮೆಗೆ ಅಂಟುವಾಳ ಇರಲಿ, ಕೆರೆಗೆ ಹೋಗುವ ನೀರಿನ ಲೆಕ್ಕ ಕೇಳೋಣ. ನೀವೇನಂತೀರಿ? ನಿಮ್ಮೂರ ಕಡೆ ಅಂಟುವಾಳ ಇನ್ನೂ ಬಳಸ್ತಾರಾ?