ಆಟಗಾರ್ತಿಯ ಶಿರವಸ್ತ್ರ ಮತ್ತು ನಿಯಮದ ನೆಪ

ಕ್ರೀಡೆಗೆ ಜಾತಿ ಮತಗಳ ಹಂಗಿಲ್ಲ ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಮಾತು ಚೆನ್ನಾಗಿಯೇ ಇದೆ. ಆದರೆ ಕ್ರೀಡೆಯನ್ನು ಆಳುವ ಸಂಸ್ಥೆಗಳಿಗೂ ಅದು ಅನ್ವಯಿಸುತ್ತದೆಯೇ? ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ್ತಿ ಬಿಲ್ಕೀಸ್ ಅಬ್ದುಲ್ ಖಾದಿರ್ ಅವರ ಕಥೆ ಈ ಪ್ರಶ್ನೆಗೆ ಕಹಿಯಾದ ಉತ್ತರ ನೀಡುತ್ತದೆ.

1891ರಲ್ಲಿ ಬಾಸ್ಕೆಟ್‌ಬಾಲ್ ಹುಟ್ಟಿದ್ದು ಮೆಸಾಚುಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ. ಬಿಲ್ಕೀಸ್ ಅದೇ ಊರಿನ ಮಗಳು. 2009ರಲ್ಲಿ ಹೈಸ್ಕೂಲು ಮುಗಿಸುವಾಗ ಆಕೆಯ ಖಾತೆಯಲ್ಲಿ 3070 ಅಂಕಗಳಿದ್ದವು. ಹುಡುಗರನ್ನೂ ಸೇರಿಸಿ ಲೆಕ್ಕ ಹಾಕಿದರೂ ಆ ರಾಜ್ಯದಲ್ಲಿ ಅದು ದಾಖಲೆ. ಅದೇ ವರ್ಷ ರಮಝಾನ್‌ನಲ್ಲಿ ಅಧ್ಯಕ್ಷ ಒಬಾಮಾ ಶ್ವೇತಭವನದ ಇಫ್ತಾರ್ ಕೂಟದಲ್ಲಿ ಆಕೆಯನ್ನು ಅಭಿನಂದಿಸಿದರು. ಮೆಂಫಿಸ್ ವಿಶ್ವವಿದ್ಯಾನಿಲಯದಲ್ಲಿ ಮೊದಲ ವರ್ಷ ಮೊಣಕಾಲಿನ ಗಾಯದಿಂದ ಆಡಲಾಗಲಿಲ್ಲ. ಚೇತರಿಸಿಕೊಂಡು ಅಂಗಳಕ್ಕಿಳಿದ ಆಕೆ, ಅಮೆರಿಕದ ಕಾಲೇಜು ಕ್ರೀಡೆಯ ಪ್ರಥಮ ದರ್ಜೆಯಲ್ಲಿ ಹಿಜಾಬ್ ಧರಿಸಿ ಆಡಿದ ಮೊದಲ ಬಾಸ್ಕೆಟ್‌ಬಾಲ್ ಆಟಗಾರ್ತಿಯಾದರು. ಕೊನೆಯ ವರ್ಷ ಇಂಡಿಯಾನಾ ಸ್ಟೇಟ್ ವಿಶ್ವವಿದ್ಯಾನಿಲಯದ ಪರ ಆಡಿದರು.

2014ರಲ್ಲಿ ಕಾಲೇಜು ಮುಗಿದಾಗ ವಯಸ್ಸು 23. ಯುರೋಪಿನಲ್ಲಿ ವೃತ್ತಿಪರ ಆಟಗಾರ್ತಿಯಾಗಬೇಕೆಂಬ ಹಂಬಲ. ಅಲ್ಲಿ ಅಡ್ಡ ಬಂದದ್ದು ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮ: ತಲೆಗೆ 5 ಸೆಂಟಿಮೀಟರ್ ಅಗಲದ ಪಟ್ಟಿಗಿಂತ ಹೆಚ್ಚೇನೂ ಇರಕೂಡದು. ಕಾರಣ, ಇತರ ಆಟಗಾರರಿಗೆ ಗಾಯವಾದೀತಂತೆ! ಅದೇ ಬಟ್ಟೆ ತೊಟ್ಟು ಆಕೆ ಅಮೆರಿಕದ ಕಾಲೇಜು ಅಂಗಳಗಳಲ್ಲಿ ವರ್ಷಗಟ್ಟಲೆ ಆಡಿದ್ದರು. ಅಲ್ಲಿ ಅಪಾಯವೆನಿಸದ ಬಟ್ಟೆ ಸಮುದ್ರ ದಾಟಿದೊಡನೆ ಆಯುಧವಾಗುವುದು ಹೇಗೆ?

ಇದು ಮುಸ್ಲಿಮರ ಸಮಸ್ಯೆ ಮಾತ್ರ ಎಂದು ಯಾರೂ ಭಾವಿಸಬೇಕಿಲ್ಲ. ಅದೇ 2014ರಲ್ಲಿ ಚೀನಾದ ವುಹಾನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಭಾರತ ತಂಡದ ಸಿಖ್ ಆಟಗಾರರಾದ ಅಮೃತಪಾಲ್ ಸಿಂಗ್ ಮತ್ತು ಅಮ್ಜ್ಯೋತ್ ಸಿಂಗ್ ಅವರಿಗೆ ಪೇಟ ತೆಗೆದಿಟ್ಟು ಆಡುವಂತೆ ಹೇಳಲಾಯಿತು. ಕೆಲವೇ ವಾರಗಳ ನಂತರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಶಿರವಸ್ತ್ರ ತೆಗೆಯಲು ಒಪ್ಪದ ಕತಾರ್‌ನ ಮಹಿಳಾ ತಂಡ ಕೂಟದಿಂದಲೇ ಹೊರನಡೆಯಿತು.

ಬಿಲ್ಕೀಸ್ ಸುಮ್ಮನಿರಲಿಲ್ಲ. ಆಕೆಯೂ ಹಲವು ದೇಶಗಳ ಆಟಗಾರರೂ ದನಿ ಎತ್ತಿದರು. 2017ರ ಮೇ ತಿಂಗಳಲ್ಲಿ ಫಿಬಾ ನಿಯಮ ಬದಲಿಸಿತು. ಅಕ್ಟೋಬರ್ 1ರಿಂದ ಅದು ಜಾರಿಗೆ ಬಂತು. ಮುಖ ಮುಚ್ಚದ, ಬಿಗಿಯಾಗಿ ಕೂರುವ ವಸ್ತ್ರದಿಂದ ತೊಂದರೆಯಿಲ್ಲ ಎಂಬುದನ್ನು ಅರಿಯಲು ಇಷ್ಟು ಕಾಲ ಬೇಕಿತ್ತೇ? ಆಟಗಾರ್ತಿಯ ಪಾಲಿಗೆ 23ರಿಂದ 26ರವರೆಗಿನ ಹರೆಯವೆಂದರೆ ಬರಿಯ ಮೂರು ವರ್ಷವಲ್ಲ, ಅದೇ ಆಕೆಯ ಬಂಡವಾಳ. ಬಾಗಿಲು ತೆರೆದಾಗ ಬಿಲ್ಕೀಸ್ ಬೇರೆ ದಾರಿ ಹಿಡಿದಾಗಿತ್ತು. ವೃತ್ತಿಪರ ಅಂಗಳದಲ್ಲಿ ಆಕೆ ಆಡಲೇ ಇಲ್ಲ. ಆಕೆಯ ಹೋರಾಟದ ಫಲ ಇತರರಿಗೆ ಸಿಕ್ಕಿತು.

ಎಲ್ಲರಿಗೂ ಸಿಕ್ಕಿತೆಂದೂ ಹೇಳಲಾಗದು. ಸ್ವಾತಂತ್ರ್ಯ, ಸಮಾನತೆಯ ಘೋಷಣೆ ಮೊಳಗಿಸಿದ ಫ್ರಾನ್ಸ್‌ನ ಬಾಸ್ಕೆಟ್‌ಬಾಲ್ ಒಕ್ಕೂಟ 2022ರಲ್ಲಿ ತನ್ನ ಪಂದ್ಯಗಳಲ್ಲಿ ಶಿರವಸ್ತ್ರವನ್ನು ನಿಷೇಧಿಸಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅತಿಥಿ ದೇಶಗಳ ಕ್ರೀಡಾಪಟುಗಳಿಗೆ ಹಿಜಾಬ್ ಧರಿಸಲು ಅವಕಾಶವಿತ್ತು, ಫ್ರಾನ್ಸ್‌ನ ಸ್ವಂತ ಹೆಣ್ಣುಮಕ್ಕಳಿಗೆ ಇರಲಿಲ್ಲ. ಇದು ಯಾವ ಸೀಮೆಯ ಸಮಾನತೆ?

ದೂರದ ದೇಶಗಳ ಈ ಮಾತು ನಮಗೇಕೆ ಎನ್ನುವವರು 2022ರ ಕರ್ನಾಟಕವನ್ನು ನೆನೆಯಲಿ. ಫೆಬ್ರವರಿ 5ರಂದು ಸರಕಾರ ಸಮವಸ್ತ್ರದ ಆದೇಶ ಹೊರಡಿಸಿತು. ಮಾರ್ಚ್ 15ರಂದು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಆದೇಶ, ವಾದ, ತೀರ್ಪುಗಳಿಗೆ ಕಾಲಾವಕಾಶವಿರುತ್ತದೆ. ಆದರೆ ಪರೀಕ್ಷೆಯಿಂದ ವಂಚಿತಳಾದ ವಿದ್ಯಾರ್ಥಿನಿಗೆ ಆ ವರ್ಷವನ್ನು ಮರಳಿ ಕೊಡುವವರು ಯಾರು?

ನಮ್ಮ ಸಮುದಾಯಕ್ಕೂ ಒಂದು ಮಾತು ಹೇಳಲೇಬೇಕಾಗಿದೆ. ಬಿಲ್ಕೀಸ್‌ರ ಚಿತ್ರವನ್ನು ಅಭಿಮಾನದಿಂದ ಹಂಚಿಕೊಳ್ಳುವ ಎಷ್ಟೋ ಮಂದಿ, ಸ್ವಂತ ಮಗಳು ಚೆಂಡು ಹಿಡಿದರೆ ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ ಎಂದು ಗದರುತ್ತಾರೆ. ಪ್ರವಾದಿ(ಸ)ಯವರು ಆಯಿಶಾ(ರ)ರೊಂದಿಗೆ ಓಟದ ಸ್ಪರ್ಧೆ ನಡೆಸಿದ್ದನ್ನು ಇವರು ಓದಿಲ್ಲವೇ? ಬಿಲ್ಕೀಸ್ ಮೊದಲು ಆಟಗಾರ್ತಿ. ಶಿರವಸ್ತ್ರ ಧರಿಸಿದ್ದಕ್ಕೆ ಆಕೆಯನ್ನು ಹೊಗಳಿ, ಆ 3070 ಅಂಕಗಳ ಹಿಂದಿನ ಬೆವರನ್ನು ಮರೆಯುವುದು ಕೂಡಾ ಅನ್ಯಾಯವೇ.

ಹೊರಗಿನವರು ಬಟ್ಟೆ ತೆಗೆದರೆ ಮಾತ್ರ ಆಡು ಎನ್ನುತ್ತಾರೆ. ಒಳಗಿನವರು ಬಟ್ಟೆ ತೊಟ್ಟರೂ ಆಡಬೇಡ ಎನ್ನುತ್ತಾರೆ. ಇವೆರಡರ ನಡುವೆ ಹುಡುಗಿಯ ಇಷ್ಟವೇನು ಎಂದು ಕೇಳುವವರಿಲ್ಲ. ಅವಳನ್ನು ಕೇಳೋಣ. ಅವಳ ಹರೆಯ ಮುಗಿಯುವ ಮುನ್ನವೇ ಕೇಳೋಣ.